ಅರ್ಧ ಓದಿದ ಪುಸ್ತಕದ ಮಾತು

ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಸಂಚಿಕೆ ಅಚ್ಚಿಗೆ ಹೋಗಬೇಕು. ಬೇರೆ ಏನೋ ಬರೆಯಬೇಕು ಅಂತಿದ್ದೆ. ಆದರೆ ಹನ್ನೊಂದು ವರ್ಷದ ಹುಡುಗಿಯೊಬ್ಬಳ ಚೀಟಿ ಸಂಜೆಯಿಂದ ಮೇಜಿನ ಮೇಲಿದೆ. ಮನಸ್ಸು ಅಲ್ಲಿಂದ ಏಳುತ್ತಿಲ್ಲ.

ಹೋದ ಸಂಚಿಕೆಯಲ್ಲಿ ಕೇಳಿದ್ದೆವಲ್ಲ, ಈಗ ಯಾವ ಫ್ಯಾಂಟಸಿ ಕಾದಂಬರಿ ಓದುತ್ತಿದ್ದೀರಿ, ಹೇಗನ್ನಿಸುತ್ತಿದೆ, ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ ಅಂತ. ಈ ಹುಡುಗಿ ಉರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ತ್‌ಸೀ' ಓದುತ್ತಿದ್ದಾಳೆ. 1968ರ ಪುಸ್ತಕ, ಗೆಡ್ ಎಂಬ ಎಳೆಯ ಮಾಂತ್ರಿಕನ ಕಥೆ. ಆ ಲೋಕದಲ್ಲಿ ಪ್ರತಿಯೊಂದಕ್ಕೂ ಒಂದು ನಿಜವಾದ ಹೆಸರಿದೆ. ಹೆಸರು ಗೊತ್ತಾದರೆ ಅದರ ಮೇಲೆ ಹಿಡಿತ ಸಿಗುತ್ತದೆ. ಅವಳು ಬರೆದಿದ್ದಾಳೆ: "ಗೆಡ್ ಡ್ರ್ಯಾಗನ್ನನ್ನು ಅದರ ಹೆಸರು ಹಿಡಿದು ಕರೆದ, ಅದು ಮಣಿಯಿತು. ಕನ್ನಡದಲ್ಲಿ ಡ್ರ್ಯಾಗನ್‌ಗೆ ಪದವೇ ಇಲ್ಲ ಅಂತ ಅಮ್ಮ ಹೇಳಿದಳು. ಮತ್ತೆ ನಾವು ಹೇಗೆ ಕರೆಯೋದು?"

ನನಗೆ ಉತ್ತರ ಹೊಳೆಯಲಿಲ್ಲ. ಕನ್ನಡ ಬೈಬಲಿನಲ್ಲಿ 'ಘಟಸರ್ಪ' ಅಂತಿದೆ, ನಿಜ. ಆದರೆ ಘಟಸರ್ಪ ಅಂದರೆ ನನ್ನ ಕಣ್ಣಿಗೆ ಬರುವುದು ಹೆಡೆ. ರೆಕ್ಕೆ ಬರುವುದಿಲ್ಲ. ವಿಚ್‌ಗೆ 'ಮಾಟಗಾತಿ' ಎಷ್ಟು ಚೆನ್ನಾಗಿ ಕೂರುತ್ತದೆ, ಫೇರಿಗೆ 'ಕಿನ್ನರಿ'ಯೂ ಪರವಾಗಿಲ್ಲ. ಇಂಗ್ಲಿಷ್ ಕಥೆಗಳಲ್ಲಿ ಬರುವ ಮಾಯಾಜನ ಎಲ್ಫ್‌ಗೆ 'ಯಕ್ಷ' ಅನ್ನೋಣ ಅಂತ ಇನ್ನೊಬ್ಬರು ಬರೆದಿದ್ದಾರೆ. ನನಗೆ ಒಪ್ಪಿಗೆಯಾಗಲಿಲ್ಲ.

ಒಟ್ಟು 17 ಪತ್ರ ಬಂದಿವೆ. ಮಂತ್ರ ಹಾಕಿದವನಿಗೆ ಸುಸ್ತಾಗಬೇಕು, ಅವನು ಏನಾದರೂ ಕಳೆದುಕೊಳ್ಳಬೇಕು, ಇಲ್ಲದಿದ್ದರೆ ಓದುವಾಗ ಭಯವೇ ಆಗಲ್ಲ ಅನ್ನುತ್ತಾರೆ ಒಬ್ಬರು. ನೂರಕ್ಕೆ ನೂರು ಸರಿ. ಲೋಕ ಉಳಿಸಲೆಂದೇ ಹುಟ್ಟಿದ ಹುಡುಗನ ಕಥೆ ಸಾಕಾಗಿದೆ ಅನ್ನುತ್ತಾರೆ ಮತ್ತೊಬ್ಬರು. ಇರಬಹುದು, ಆದರೆ ಹದಿಮೂರರ ವಯಸ್ಸಿಗೆ ಅಂಥ ಕಥೆ ಬೇಕೇ ಬೇಕು. ಒಂದು ಮಾತು ಗಮನಕ್ಕೆ ಬಂತು. ಪುಸ್ತಕ ಮುಗಿಸಿದವರು ಕಥೆಯ ಸಾರಾಂಶ ಕಳುಹಿಸಿದ್ದಾರೆ. ಅರ್ಧದಲ್ಲಿರುವವರು ತಮ್ಮ ಭಯ ಬರೆದಿದ್ದಾರೆ, ಊಹೆ ಬರೆದಿದ್ದಾರೆ. ಆ ಪತ್ರಗಳಿಗೇ ಜೀವ ಜಾಸ್ತಿ. ಟೋಲ್ಕಿನ್ ಅವರ ಮೂರು ಸಂಪುಟಗಳ ಕಾದಂಬರಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಎರಡನೇ ಸಂಪುಟ 1954ರ ನವೆಂಬರಿನಲ್ಲಿ ಬಂತು. ಅದು ಮುಗಿಯುವಾಗ ನಾಯಕ ಫ್ರೋಡೋ ಶತ್ರುಗಳ ಕೈಯಲ್ಲಿ, ಅವನ ಜೊತೆಗಾರ ಸ್ಯಾಮ್ ಬಾಗಿಲ ಹೊರಗೆ. ಮೂರನೇ ಸಂಪುಟ ಬಂದದ್ದು 1955ರ ಅಕ್ಟೋಬರಿನಲ್ಲಿ. ಹನ್ನೊಂದು ತಿಂಗಳು ಆ ಓದುಗರು ಒಬ್ಬರಿಗೊಬ್ಬರು ಏನೆಲ್ಲ ಹೇಳಿಕೊಂಡಿರಬೇಕು, ಅಲ್ವಾ?

ನನಗೂ ಅಂಥದ್ದೊಂದು ಬಾಗಿಲಿದೆ. ಒಂಬತ್ತು ವರ್ಷದವಳಿದ್ದಾಗ ಮನೆಯಲ್ಲಿ ಹಳೇ ಚಂದಮಾಮಗಳನ್ನು ದಪ್ಪ ದಾರದಲ್ಲಿ ಹೊಲಿದ ಒಂದು ಕಟ್ಟು ಇತ್ತು. ಒಂದು ಧಾರಾವಾಹಿಯಲ್ಲಿ ರಾಜಕುಮಾರ ಗುಹೆಯ ಬಂಡೆಗೆ ಕೈ ಇಡುತ್ತಾನೆ, ಬಂಡೆ ಸರಿಯುತ್ತದೆ, ಪುಟದ ಕೊನೆಯ ಪದ 'ಒಳಗೆ'. ಅಷ್ಟೇ. ಮುಂದಿನ ಹಾಳೆ ಹರಿದುಹೋಗಿತ್ತು. ದಾರಕ್ಕೆ ಬೆರಳಗಲದ ಕಾಗದ ಸಿಕ್ಕಿಕೊಂಡಿತ್ತು, ಅದರಲ್ಲಿ ಚಿತ್ರದ ಒಂದು ಚೂರು. ಬಾಗಿದ, ಉದ್ದನೆಯ ಕಾಲುಗುರು. ಯಾರದ್ದೋ ಗೊತ್ತಾಗುತ್ತಿರಲಿಲ್ಲ.

ದೀಪ ಆರಿಸಿದ ಮೇಲೆ ಅಕ್ಕ ಆ ಉಗುರಿನ ಕಥೆ ಹೇಳುತ್ತಿದ್ದಳು. ದಿನಕ್ಕೊಂದು. ಒಂದು ದಿನ ಅದು ರಾಕ್ಷಸನದು, ಇನ್ನೊಂದು ದಿನ ಹದ್ದಾಗಿ ಬದಲಾದ ಮುದುಕಿಯದು. ಒಂದು ರಾತ್ರಿ ಮಾತ್ರ, ಅದು ರಾಜಕುಮಾರನ ಅಪ್ಪನದೇ ಕಾಲು, ಹನ್ನೆರಡು ವರ್ಷ ಕತ್ತಲಲ್ಲಿ ಕಾದು ಕೂತು ಬೆಳೆದ ಉಗುರು ಅಂದಳು. ಅವತ್ತು ನಾನು ದಿಂಬಿಗೆ ಮುಖ ಒತ್ತಿ ಅತ್ತೆ. ಮೊನ್ನೆ ಫೋನಿನಲ್ಲಿ ಕೇಳಿದರೆ ಅಕ್ಕನಿಗೆ ಉಗುರು ನೆನಪಿದೆ, ಅಪ್ಪನ ಕಥೆ ನೆನಪಿಲ್ಲ. "ನೀನೇ ಕಟ್ಟಿರಬೇಕು" ಅಂದಳು. ಇಲ್ಲ. ಅವಳ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ಜಾಗ ಮುಗಿಯುತ್ತಾ ಬಂತು, ಸೂಚನೆಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಓದುಗರ ಕೂಟ ಮುಂದಿನ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ 3ಕ್ಕೆ, ಎಂದಿನ ಕೋಣೆಯಲ್ಲೇ. ಮಕ್ಕಳ ಗುಂಪು 4ಕ್ಕೆ. ಓದುತ್ತಿರುವ ಪುಸ್ತಕ ತನ್ನಿ, ಮುಗಿದಿರಬೇಕಿಲ್ಲ. ಕೊನೆ ಗೊತ್ತಿರುವವರು ದಯವಿಟ್ಟು ಬಾಯಿ ಬಿಡಬೇಡಿ. ಎರವಲು ಪಡೆದ ಪುಸ್ತಕಗಳನ್ನು ಅವತ್ತೇ ಮರಳಿಸಿ. ಸದಸ್ಯತ್ವ ನವೀಕರಣಕ್ಕೆ ಈ ತಿಂಗಳ ಕೊನೆಯೇ ಗಡುವು.

ಕೈಬರಹದ ಪತ್ರಗಳನ್ನು ಟೈಪ್ ಮಾಡಿಕೊಡುತ್ತಿದ್ದ ಗೆಳತಿ ಕೆಲಸದ ಮೇಲೆ ಬೇರೆ ಊರಿಗೆ ಹೊರಟಿದ್ದಾರೆ. 17ರಲ್ಲಿ 6 ಪತ್ರ ಹಾಗೇ ಉಳಿದಿವೆ, ನನ್ನೊಬ್ಬಳ ಕೈಲಿ ಆಗಲಿಲ್ಲ. ವಾರಕ್ಕೆ ಎರಡು ಗಂಟೆ ಕೊಡುವವರು ಯಾರಾದರೂ ಇದ್ದರೆ ನನಗೆ ಹೇಳಿ. ನಿಜವಾಗಿ ಬೇಕು.

ಹಾಗೇ, ಡ್ರ್ಯಾಗನ್‌ಗೆ ಒಂದು ಹೆಸರು ಹೊಳೆದರೆ 20ನೇ ತಾರೀಖಿನೊಳಗೆ ಬರೆದು ಕಳುಹಿಸಿ. ಆ ಹುಡುಗಿ ಪುಸ್ತಕದ ಅರ್ಧದಲ್ಲಿದ್ದಾಳೆ. ಮುಗಿಯುವ ಮುಂಚೆ ಬೇಕಂತೆ.