ಜೂನ್ 1ರಿಂದ ರೊಟ್ಟಿ ಕಟ್ಟಿಗೆ 2 ರೂಪಾಯಿ ಹೆಚ್ಚು. ನೋಟ್‌ಬುಕ್ ಹಂಚುವ ಕಾರ್ಯಕ್ರಮ ಇರುವುದಿಲ್ಲ

ನಮ್ಮ ಗ್ರಾಹಕರಿಗೆ, ಖಾನಾವಳಿ ಮತ್ತು ಕಿರಾಣಿ ಅಂಗಡಿಯವರಿಗೆ ನಮಸ್ಕಾರ.

ಜೂನ್ 1ರಿಂದ ಹತ್ತು ಖಡಕ್ ರೊಟ್ಟಿಯ ಕಟ್ಟಿನ ಬೆಲೆ 2 ರೂಪಾಯಿ ಹೆಚ್ಚಲಿದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ದರ ಇದ್ದಷ್ಟೇ. ಈ 2 ರೂಪಾಯಿ ಜೋಳಕ್ಕೂ ಅಲ್ಲ, ಉರುವಲಿಗೂ ಅಲ್ಲ. ಬಾಲಮಂದಿರದಲ್ಲೋ ಬಂಧುಗಳ ಮನೆಯಲ್ಲೋ ಸಾಕುವವರ ಮನೆಯಲ್ಲೋ ಬೆಳೆಯುತ್ತಿರುವ ಮಕ್ಕಳ ಓದಿಗೆ ಅಷ್ಟೂ ಹೋಗುತ್ತದೆ. ಪ್ರತಿ ವರ್ಷ ಶಾಲೆ ಶುರುವಾಗುವಾಗ ನಾವು ಮಾಡುತ್ತಿದ್ದ ನೋಟ್‌ಬುಕ್, ಬ್ಯಾಗ್ ಹಂಚುವ ಕಾರ್ಯಕ್ರಮವನ್ನು ನಿಲ್ಲಿಸಿದ್ದೇವೆ. ಚೆನ್ನಾಗಿ ನಡೆಯುತ್ತಿದ್ದುದನ್ನು ಯಾಕೆ ನಿಲ್ಲಿಸಿದಿರಿ ಎಂದು ಬಹಳ ಮಂದಿ ಕೇಳಿದ್ದಾರೆ. ಅದಕ್ಕೇ ಈ ಪತ್ರ.

ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಉಚಿತ ಎಂದು 2009ರ ಕಾಯ್ದೆಯೇ ಹೇಳುತ್ತದೆ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಸಿಗುತ್ತವೆ. ನಮ್ಮ ಕಡೆ ಅಪ್ಪ-ಅವ್ವನ ಜೊತೆ ಗುಳೆ ಹೋಗಿ, ಹದಿಮೂರನೇ ವಯಸ್ಸಿಗೆ ಐದನೇ ತರಗತಿಗೆ ಬಂದು ಕೂರುವ ಮಕ್ಕಳೂ ಇದ್ದಾರಲ್ಲ, ಅಂಥವರಿಗೂ ಹದಿನಾಲ್ಕು ದಾಟಿದ ಮೇಲೆ ಎಂಟನೇ ತರಗತಿ ಮುಗಿಯುವ ತನಕ ಉಚಿತವೇ. ಅಲ್ಲಿಯವರೆಗೆ ನಮ್ಮ ಹತ್ತು ನೋಟ್‌ಬುಕ್ ಇಲ್ಲದಿದ್ದರೂ ಓದು ನಿಲ್ಲುವುದಿಲ್ಲ. ಕೈ ಕಟ್ಟುವುದು ಎಸ್ಸೆಸ್ಸೆಲ್ಸಿ ಆದ ಮೇಲೆ. ಪಿಯು ಪ್ರವೇಶ ಶುಲ್ಕ, ಲ್ಯಾಬ್ ರೆಕಾರ್ಡ್, ಐಟಿಐ ಸೇರಿದರೆ ಬೂಟು ಮತ್ತು ಸಲಕರಣೆ, ಪರೀಕ್ಷಾ ಶುಲ್ಕ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರಕ್ಕೆ ಹಳೆಯ ದಾಖಲೆ ಹುಡುಕಿಕೊಂಡು ತಿರುಗುವ ಖರ್ಚು. ಹುಡುಗಿಯರಿಗೆ 2023ರ ಶಕ್ತಿ ಯೋಜನೆಯಿಂದ ಬಸ್ಸಿನ ಚಿಂತೆ ತಪ್ಪಿದೆ, ಕುಕನೂರು, ಯಲಬುರ್ಗಾದಿಂದ ಕೊಪ್ಪಳಕ್ಕೆ ಬರುವ ಹುಡುಗನಿಗೆ ಪಾಸ್ ಮಾಡಿಸಲೇಬೇಕು.

ಇನ್ನೊಂದು, ಎಲ್ಲಕ್ಕಿಂತ ದೊಡ್ಡದು, ಹದಿನೆಂಟನೇ ಹುಟ್ಟುಹಬ್ಬ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗು ಎಂದರೆ ಹದಿನೆಂಟರ ಒಳಗಿನವರು. ಆ ದಿನ ಸರಿಯಾಗಿ ದ್ವಿತೀಯ ಪಿಯು ನಡುವೆಯೇ ಬಂದು ನಿಲ್ಲುತ್ತದೆ. ಆಮೇಲೂ ಇಪ್ಪತ್ತೊಂದರ ತನಕ, ಬೇಕಾದರೆ ಇಪ್ಪತ್ಮೂರರ ತನಕ ನೆರವಿಗೆ ಅವಕಾಶವಿದೆ. ಆದರೆ ಅದಕ್ಕೆ ಬೇರೆ ಆದೇಶ, ಬೇರೆ ಕಾಗದ. ಆದೇಶ ಬರಲಿ ಎಂದು ಪರೀಕ್ಷಾ ಶುಲ್ಕದ ಕೊನೆಯ ದಿನಾಂಕ ಕಾಯುವುದಿಲ್ಲ. ನಮ್ಮ ರೊಕ್ಕ ಮೊದಲು ಸಲ್ಲಬೇಕಾದದ್ದು ಈ ಸಂದಿಗೆ.

ಸಂಘದಲ್ಲಿ ರೊಟ್ಟಿ ಬಡಿಯುವ ಒಬ್ಬ ಅಕ್ಕ ತೀರಿಹೋದ ತಂಗಿಯ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಾರೆ. ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಶಾಲೆಯ ದೃಢೀಕರಣ ಪತ್ರ, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹಿಟ್ಟಿನ ಡಬ್ಬಿಯ ಮೇಲೆ ನೇತುಹಾಕಿದ್ದರು. ಯಾರು ಯಾವಾಗ ಕೇಳಿದರೂ ಕೈಗೆ ಸಿಗಲಿ ಎಂದು. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆಯ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಬೇರೆಡೆ 96,000 ರೂಪಾಯಿ ಮೀರಬಾರದು. ಅದು ಮಂಜೂರಾಗಿ ಕೈಗೆ ಬರುವಷ್ಟರಲ್ಲಿ ಪ್ರವೇಶದ ದಿನಗಳು ಮುಗಿದಿದ್ದವು. ಪ್ರವೇಶದ ಅರ್ಜಿಯಲ್ಲಿ "ತಂದೆಯ ಸಹಿ" ಎಂಬ ಜಾಗ ನೋಡಿ ಆಕೆ ಪೆನ್ನು ಹಿಡಿದು ಸುಮ್ಮನೆ ಕೂತಿದ್ದರು. ಕೊನೆಗೆ "ದೊಡ್ಡಮ್ಮ" ಎಂದು ಬರೆದು ಸಹಿ ಹಾಕಿದರು.

ಹಣವನ್ನು ಅನಾಥಾಶ್ರಮಕ್ಕೇ ಕೊಡಿ, ನಾವು ಹೋಗಿ ನೋಡಬಹುದು ಎಂದವರಿದ್ದಾರೆ. ಮಕ್ಕಳನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ದಾರಿ ಎಂದು ಬಾಲನ್ಯಾಯ ಕಾಯ್ದೆಯೇ ಹೇಳುವಾಗ ಅಜ್ಜಿ, ದೊಡ್ಡಮ್ಮಂದಿರ ಹತ್ತಿರ ಇರುವ ಮಕ್ಕಳನ್ನು ಬಿಡುವುದು ನಮಗೆ ಸರಿ ಕಾಣಲಿಲ್ಲ. ಯಾವ ಮಗುವಿಗೆ ಕೊಟ್ಟಿರಿ, ಫೋಟೊ ಹಾಕಿ ಎಂದೂ ಕೇಳುತ್ತಾರೆ. ಹಾಕುವುದಿಲ್ಲ. ಇಂಥ ಮಗುವಿನ ಹೆಸರು, ಶಾಲೆ, ಚಿತ್ರ ಬಯಲು ಮಾಡಿದರೆ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾಯ್ದೆ ಇಲ್ಲದಿದ್ದರೂ ಹಾಕುತ್ತಿರಲಿಲ್ಲ ಅನ್ನಿ. ಪಿಯು ಓದುವ ಹುಡುಗಿಗೆ ತಾನು ಬ್ಯಾಗ್ ಇಸಿದುಕೊಂಡ ಫೋಟೊ ಗೆಳತಿಯರ ಮೊಬೈಲಿನಲ್ಲಿ ಕಾಣುವುದು ಬೇಕಿಲ್ಲ. ಕೇಕ್ ಕತ್ತರಿಸಲು ಬಾಲಮಂದಿರಕ್ಕೆ ಹೋಗುವ ದೊಡ್ಡಮನಸ್ಸಿನವರು ಆ ದುಡ್ಡಿನಲ್ಲಿ ಒಬ್ಬರ ಪರೀಕ್ಷಾ ಶುಲ್ಕ ಕಟ್ಟಬಹುದು ಎಂಬುದೂ ನಮ್ಮ ಅಭಿಪ್ರಾಯ, ಬೇಸರ ಬೇಡ.

ಇನ್ನು ಮೇಲೆ ನಡೆಯುವುದು ಹೀಗೆ: ಯಾರಿಗೆ ಏನು ಬೇಕು ಎಂಬುದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಕೇಳಿಕೊಳ್ಳುತ್ತೇವೆ. ಒಬ್ಬರೇ ಅಲ್ಲ, ಗುಂಪಾಗಿ ಸೇರಿಯೂ ಪ್ರಾಯೋಜಕರಾಗಲು 45ನೇ ಕಲಂನಲ್ಲಿ ಅವಕಾಶವಿದೆ. ಶುಲ್ಕವನ್ನು ಕಾಲೇಜಿನ ಖಾತೆಗೇ ಕಟ್ಟಿ ರಸೀದಿ ಪಡೆಯುತ್ತೇವೆ. ಮೂರು ತಿಂಗಳಿಗೊಮ್ಮೆ ಬಂದದ್ದು, ಹೋದದ್ದು ಎರಡನ್ನೂ ಅಂಗಡಿಯ ಬೋರ್ಡಿನ ಮೇಲೆ ಬರೆಯುತ್ತೇವೆ, ಹೆಸರು ಬಿಟ್ಟು. ನಿಮ್ಮ ಓಣಿಯಲ್ಲಿ ನೆರವು ಬೇಕಾದ ಮಗು ಇದ್ದರೆ ನಮ್ಮಲ್ಲಿಗೆ ಬರುವ ಮೊದಲು ಆ ಘಟಕಕ್ಕೆ ಹೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

2 ರೂಪಾಯಿ ಹೆಚ್ಚು ಕೊಡಲು ಆಗದವರು ಕೌಂಟರಿನಲ್ಲಿ ಒಂದು ಮಾತು ಹೇಳಿ, ಹಳೆಯ ದರಕ್ಕೇ ಕೊಡುತ್ತೇವೆ, ಕಾರಣ ಕೇಳುವುದಿಲ್ಲ. ಮದುವೆ, ಜಾತ್ರೆಗೆಂದು ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ. ಖಾನಾವಳಿಯವರು ಮೇ ತಿಂಗಳ ಬಾಕಿಯನ್ನು ಜೂನ್ ಮೊದಲ ವಾರದೊಳಗೆ ಚುಕ್ತಾ ಮಾಡಿದರೆ ಹೊಸ ಲೆಕ್ಕ ಬೇರೆ ಇಡಲು ಅನುಕೂಲ.

ಇಂತಿ,
ಅಧ್ಯಕ್ಷೆ ಮತ್ತು ಕಾರ್ಯದರ್ಶಿ,
ರೊಟ್ಟಿ ತಯಾರಿಸುವ ಮಹಿಳೆಯರ ಸಹಕಾರ ಸಂಘ, ಕೊಪ್ಪಳ