ಲಾಗಿನ್ ಆಗಲು ಹತ್ತು ನಿಮಿಷ: ಕಂಪ್ಯೂಟರ್ ನಿರ್ವಹಣೆಯ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಕಂಪ್ಯೂಟರ್ ವಾರ್ಷಿಕ ನಿರ್ವಹಣೆ (ಎಎಂಸಿ) ವಿಭಾಗ

ವಿಷಯ: ಸರ್ವರ್ ಬದಲಾದಂದಿನಿಂದ ಲಾಗಿನ್ ತೀರಾ ನಿಧಾನವಾಗಿರುವ ಬಗ್ಗೆ.

ಮಾನ್ಯರೇ,

ನಮ್ಮ ಪತ್ತಿನ ಸಹಕಾರ ಸಂಘದ ಬಾಗಿಲು ಬೆಳಿಗ್ಗೆ 10ಕ್ಕೆ ತೆರೆಯುತ್ತದೆ. ಮೊದಲ ರಸೀದಿ ಹರಿಯುವ ಹೊತ್ತಿಗೆ 10.15 ಆಗಿರುತ್ತದೆ. ಠೇವಣಿ ಬಡ್ಡಿಗೆ ಬಂದ ವಯಸ್ಸಾದವರು ಕೌಂಟರ್ ಮುಂದೆ ನಿಂತೇ ಇರುತ್ತಾರೆ; ಒಳಗೆ ನಮ್ಮ ಸಿಬ್ಬಂದಿ ಪಾಸ್‌ವರ್ಡ್ ಹಾಕಿ 'ವೆಲ್‌ಕಮ್' ಪರದೆ ನೋಡುತ್ತಾ ಕೂತಿರುತ್ತಾರೆ. ನೀವು ಹಳೆಯ ಸರ್ವರ್ ತೆಗೆದು ಹೊಸದು ಕೂರಿಸಿದ ವಾರದಿಂದ ಹೀಗೇ ನಡೆದಿದೆ.

ನಿಮ್ಮ ಎಂಜಿನಿಯರ್ ಮೂರು ಸಲ ಬಂದರು. ಮೊದಲು ಟೆಂಪ್ ಫೈಲ್ ಅಳಿಸಿದರು. ಆಮೇಲೆ ಒಂದು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದರು, ಮರುದಿನ ಅದೂ ಅಷ್ಟೇ ನಿಧಾನ. ಕೊನೆಗೆ ಹನ್ನೊಂದು ಕಂಪ್ಯೂಟರ್‌ಗೂ ರ್‍ಯಾಮ್ ಹಾಕಿಸಬೇಕೆಂದು ಕೊಟೇಶನ್ ಕೊಟ್ಟು ಹೋದರು.

ಆ ಕೊಟೇಶನ್ ನಾವು ಒಪ್ಪುವುದಿಲ್ಲ. ನೆಟ್‌ವರ್ಕ್ ಕೇಬಲ್ ಕಿತ್ತು ಲಾಗಿನ್ ಆದರೆ ಅದೇ ಕಂಪ್ಯೂಟರ್ ಒಂದು ನಿಮಿಷದೊಳಗೆ ತೆರೆದುಕೊಳ್ಳುತ್ತದೆ. ರ್‍ಯಾಮ್ ಸಾಲದಿದ್ದರೆ ಕೇಬಲ್ ಕಿತ್ತಾಗಲೂ ನಿಧಾನವಾಗಬೇಕಿತ್ತಲ್ಲವೇ? ನಮ್ಮ ಲೆಕ್ಕಿಗರು 'ಐಪಿಕಾನ್ಫಿಗ್' (ನೆಟ್‌ವರ್ಕ್ ವಿವರ ತೋರಿಸುವ ಆಜ್ಞೆ) ತೆಗೆದು ನೋಡಿದಾಗ ಮೊದಲ ಡಿಎನ್‌ಎಸ್ (ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ಸೇವೆ) ಆಗಿ ಗೂಗಲ್‌ನ 8.8.8.8 ಇತ್ತು. ಇಂಟರ್ನೆಟ್ ಕೈಕೊಟ್ಟ ದಿನ ನಿಮ್ಮವರೇ ಹಾಕಿದ್ದು. ಲಾಗಿನ್ ಆಗುವ ಕಂಪ್ಯೂಟರ್ ಡೊಮೇನ್ ಕಂಟ್ರೋಲರ್ (ಪಾಸ್‌ವರ್ಡ್ ಪರಿಶೀಲಿಸುವ ಸರ್ವರ್) ಎಲ್ಲಿದೆಯೆಂದು ಕೇಳುವುದು ಡಿಎನ್‌ಎಸ್ ಅನ್ನೇ. ನಮ್ಮ ಕಚೇರಿಯೊಳಗಿನ ಸರ್ವರ್ ಹೊರಗಿನ ಡಿಎನ್‌ಎಸ್‌ಗೆ ಹೇಗೆ ಗೊತ್ತಾಗಬೇಕು? ಒಂದು ಕಂಪ್ಯೂಟರ್‌ನಲ್ಲಿ ಅದನ್ನು ತೆಗೆದು ನಮ್ಮ ಸರ್ವರ್‌ನ ವಿಳಾಸ ಹಾಕಿದೆವು. ಹತ್ತು ನಿಮಿಷ ಇದ್ದದ್ದು ಮೂರಕ್ಕೆ ಇಳಿಯಿತು.

ಉಳಿದ ಮೂರು ನಿಮಿಷದ ಸುಳಿವು ವಿಂಡೋಸ್ ತನ್ನ ಆಗುಹೋಗು ದಾಖಲಿಸುವ ಈವೆಂಟ್ ವ್ಯೂವರ್‌ನಲ್ಲಿದೆ. ವಿನ್‌ಲಾಗನ್ ಹೆಸರಿನಲ್ಲಿ 6005, 6006 ಸಂಖ್ಯೆಯ ಎಚ್ಚರಿಕೆಗಳು ದಿನವೂ ಬೀಳುತ್ತಿವೆ; ಗ್ರೂಪ್ ಪಾಲಿಸಿ (ಸರ್ವರ್‌ನಿಂದ ಎಲ್ಲ ಕಂಪ್ಯೂಟರ್‌ಗೂ ಬರುವ ಸೆಟ್ಟಿಂಗ್‌ಗಳು) ಮುಗಿಯಲು ತಡವಾಗುತ್ತಿದೆ ಎಂದು ಅವು ಹೇಳುತ್ತವೆ. ನೀವೇ ಹೊತ್ತೊಯ್ದ ಹಳೆಯ ಸರ್ವರ್‌ನ ಡ್ರೈವ್ ಮತ್ತು ಪ್ರಿಂಟರ್ ಇನ್ನೂ ಪಾಲಿಸಿಯಲ್ಲಿವೆ. ಪ್ರತಿ ಲಾಗಿನ್‌ಗೂ ಕಂಪ್ಯೂಟರ್, ಈಗ ಇಲ್ಲದ ಆ ಸರ್ವರನ್ನು ಹುಡುಕುತ್ತಾ ನಿಲ್ಲುತ್ತಿದೆ.

ನಮ್ಮನ್ನು ಹೆಚ್ಚು ಹೆದರಿಸಿರುವುದು ಇನ್ನೊಂದು ವಿಷಯ. ಕಾಯಲಾರದೆ ಸಿಬ್ಬಂದಿ ಊಟಕ್ಕೆ ಹೋಗುವಾಗಲೂ ಲಾಗ್‌ಆಫ್ ಮಾಡುತ್ತಿಲ್ಲ. ಕಳೆದ ವಾರ ಒಬ್ಬ ಮಹಿಳಾ ಸಿಬ್ಬಂದಿಯ ಲಾಗಿನ್‌ನಲ್ಲಿ ಇನ್ನೊಬ್ಬರು ನಗದು ಜಮೆ ಮಾಡಿದ್ದು ಸಂಜೆ ಲೆಕ್ಕ ಕೂಡಿಸುವಾಗ ಕಣ್ಣಿಗೆ ಬಿತ್ತು. ಹಣ ತಪ್ಪಿರಲಿಲ್ಲ. ತಪ್ಪಿದ್ದರೆ ಮಾಡದ ತಪ್ಪಿಗೆ ಆಕೆ ಆಡಿಟರ್ ಮುಂದೆ ಉತ್ತರ ಕೊಡಬೇಕಿತ್ತು. ಜನರ ಉಳಿತಾಯದ ಹಣ ಇರುವ ಕಡೆ ಇದನ್ನು ಒಂದು ದಿನವೂ ಸಹಿಸಲಾಗದು.

ಆದ್ದರಿಂದ ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಡಿಎನ್‌ಎಸ್ ಸರಿಪಡಿಸಿ, ಹೊರಗಿನ ವಿಳಾಸವನ್ನು ಸರ್ವರ್‌ನ ಫಾರ್ವರ್ಡರ್‌ನಲ್ಲಿ (ಸರ್ವರ್ ತನಗೆ ಗೊತ್ತಿಲ್ಲದ ಹೆಸರನ್ನು ಹೊರಗೆ ಕೇಳುವ ಕಡೆ) ಮಾತ್ರ ಇಡಿ. ಹಳೆಯ ಡ್ರೈವ್, ಪ್ರಿಂಟರ್‌ಗಳನ್ನು ಪಾಲಿಸಿಯಿಂದ ತೆಗೆಯಿರಿ. ಏನೇನು ಬದಲಿಸಿದಿರೆಂದು ಬರೆದುಕೊಡಿ. ರ್‍ಯಾಮ್ ಕೊಟೇಶನ್ ಹಿಂಪಡೆಯಿರಿ. ಈ ಕೆಲಸ ನಮ್ಮ ಒಪ್ಪಂದದೊಳಗೇ ಬರುತ್ತದೆ, ಪ್ರತ್ಯೇಕ ಶುಲ್ಕ ಕೊಡುವುದಿಲ್ಲ.

ಎಂಜಿನಿಯರ್ ಸಂಜೆ ಬರುವುದು ಬೇಡ, ಬೆಳಿಗ್ಗೆ 9.30ಕ್ಕೆ ಬರಲಿ. ಹನ್ನೊಂದೂ ಕಂಪ್ಯೂಟರ್ ಲಾಗಿನ್ ಆಗುವುದನ್ನು ಗಡಿಯಾರ ಹಿಡಿದು ನೋಡಿದ ಮೇಲೆಯೇ ಸರ್ವಿಸ್ ರಿಪೋರ್ಟ್‌ಗೆ ಸಹಿ ಹಾಕುತ್ತೇನೆ.

ಇಂತಿ,
ಕಾರ್ಯದರ್ಶಿ