ಭಾನುವಾರದ ಗಿಟಾರ್ ಅಭ್ಯಾಸ ಕೂಟದ ಕುರಿತು

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ 6 ಗಂಟೆಯ ಆನ್‌ಲೈನ್ ಕೂಟದಲ್ಲಿ, ಒಂಟಿ ಶಾಸ್ತ್ರೀಯ ಗಿಟಾರ್‌ಗಾಗಿ ಬರೆದ, ಕಿವಿಗೆ ಹೊಸತೆನಿಸುವ ಹಾರ್ಮನಿಯುಳ್ಳ (ಒಟ್ಟಿಗೆ ಮೊಳಗುವ ಸ್ವರಗಳ ಜೋಡಣೆಯುಳ್ಳ) ಅಭ್ಯಾಸ ರಚನೆಗಳನ್ನು ಕೈಗೆತ್ತಿಕೊಳ್ಳಲಿದ್ದೇವೆ. ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ) ನೋಡಿ ನಿಧಾನವಾಗಿಯಾದರೂ ನುಡಿಸಬಲ್ಲವರೆಲ್ಲರೂ ಭಾಗವಹಿಸಬಹುದು.

ಕ್ಯೂಬಾದ ಸಂಗೀತ ರಚನಕಾರ ಲಿಯೋ ಬ್ರೌವರ್ ಅವರ 20 ಸರಳ ಅಭ್ಯಾಸಗಳಿಂದ ಮೊದಲ ಎರಡನ್ನು ಆರಿಸಿದ್ದೇವೆ. ಒಂದನೆಯದರಲ್ಲಿ ಹೆಬ್ಬೆರಳು ಮೀಟುವ ಕೆಳಸ್ಥಾಯಿಯ ಸ್ವರಗಳೇ ಮುಖ್ಯ ರಾಗವನ್ನು ಹೊತ್ತು ಸಾಗುತ್ತವೆ. ಎರಡನೆಯದು ವಿಳಂಬ ಗತಿಯ ಕೋರಲ್ (ಸ್ತೋತ್ರಗೀತೆಯಂತೆ ಹಲವು ಸ್ವರಗಳು ಒಟ್ಟೊಟ್ಟಿಗೆ ಸಾಗುವ ರಚನೆ) ಆಗಿದ್ದು, ಬೆರಳಿಗೆ ಸುಲಭವಾದರೂ ಕಿವಿಗೆ ನಿಜಕ್ಕೂ ಕಠಿಣವಾದುದೆಂದು ನನ್ನ ಅನಿಸಿಕೆ.

ಬರುವ ಮುನ್ನ ದಯವಿಟ್ಟು ಒಂದು ಸಣ್ಣ ಪ್ರಯೋಗ ಮಾಡಿ. ಮೂರನೆಯ ತಂತಿಯನ್ನು 5ನೇ ಫ್ರೆಟ್‌ನಲ್ಲಿ ಒತ್ತಿ, ಅದರೊಂದಿಗೆ ಎರಡನೆಯ ತಂತಿಯನ್ನು ಒತ್ತದೆ ಹಾಗೆಯೇ ಮೀಟಿದರೆ ಸಿ ಮತ್ತು ಬಿ ಸ್ವರಗಳು ಕೇವಲ ಅರ್ಧ ಸ್ವರದ ಅಂತರದಲ್ಲಿ ಒಟ್ಟಿಗೆ ಮೊಳಗುತ್ತವೆ. ಆ ಘರ್ಷಣೆಯನ್ನು ತಪ್ಪೆಂದು ಭಾವಿಸಿ ಕೂಡಲೇ ಬೆರಳೆತ್ತದೆ, ನಾದ ತಾನಾಗಿ ಕರಗುವವರೆಗೆ ಆಲಿಸಿ. ಇಂಥ ರಚನೆಗಳ ಸೊಗಸು ಇರುವುದೇ ಅಲ್ಲಿ. ಬಳಿಕ ಎರಡೂ ಅಭ್ಯಾಸಗಳನ್ನು ಮೆಟ್ರೊನೋಮ್ (ಸಮಗತಿಯಲ್ಲಿ ತಾಳದ ಸದ್ದು ಮಾಡುವ ಸಾಧನ) ಇಟ್ಟುಕೊಂಡು ಅರ್ಧ ವೇಗದಲ್ಲಿ ನುಡಿಸಿ, ತೊಡಕೆನಿಸಿದ ಬಾರ್‌ಗಳಿಗೆ (ಸ್ವರಲಿಪಿಯಲ್ಲಿ ಗೆರೆಗಳಿಂದ ಬೇರ್ಪಡಿಸಿದ ಭಾಗಗಳಿಗೆ) ಪೆನ್ಸಿಲ್ ಗುರುತು ಹಾಕಿಕೊಳ್ಳಿ.

ಭಾಗವಹಿಸುವವರು ಗುರುವಾರ ರಾತ್ರಿಯೊಳಗೆ ತಮ್ಮ ಹೆಸರನ್ನೂ, ಯಾವ ಅಭ್ಯಾಸವನ್ನು ನುಡಿಸಲು ಬಯಸುತ್ತೀರಿ ಎಂಬುದನ್ನೂ ಇಲ್ಲಿಯೇ ತಿಳಿಸಬೇಕಾಗಿ ಕೋರುತ್ತೇನೆ. ಕೃತಿಸ್ವಾಮ್ಯವಿರುವುದರಿಂದ ಮುದ್ರಿತ ಪುಟಗಳ ಫೋಟೊಗಳನ್ನು ಗುಂಪಿನಲ್ಲಿ ಹಂಚಬೇಡಿ.